ದಟ್ಟಡಿಯಿಂದ ಕುಂಟಾಬಿಲ್ಲೆಯವರೆಗೆ

ಜಯನಗರದ ನಮ್ಮ ಉದ್ಯಾನದಲ್ಲಿ ಬೆಳಗ್ಗೆ ಎರಡು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕುಳಿತುಕೊಳ್ಳುವುದು ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಅಭ್ಯಾಸ. ಈಚೆಗೊಂದು ದಿನ ಪಕ್ಕದ ಬೆಂಚಿನಲ್ಲಿ ಇಬ್ಬರು ತರುಣ ತಾಯಂದಿರು ಮಾತನಾಡಿಕೊಳ್ಳುತ್ತಿದ್ದರು. ಒಬ್ಬಾಕೆಯ ಮಗುವಿಗೆ ಹದಿನಾಲ್ಕು ತಿಂಗಳು ತುಂಬಿದೆ, ಇನ್ನೂ ನಡೆದಿಲ್ಲ. ಇನ್ನೊಬ್ಬಾಕೆಯದು ಹನ್ನೊಂದಕ್ಕೇ ಓಡಾಡಿತಂತೆ. ಆ ಕಾಲುಗಂಟೆಯ ಸಂಭಾಷಣೆಯಲ್ಲಿ ‘ಮೈಲ್‌ಸ್ಟೋನ್’ ಎಂಬ ಮಾತು ಹತ್ತು ಸಲವಾದರೂ ಬಂದಿರಬೇಕು. ಪ್ರತಿ ಸಲವೂ ಮೊದಲನೆಯಾಕೆಯ ಮುಖ ಸ್ವಲ್ಪ ಸ್ವಲ್ಪ ಬಾಡುತ್ತಿತ್ತು. ಅಷ್ಟರಲ್ಲಿ, ಚರ್ಚೆಗೆ ವಸ್ತುವಾಗಿದ್ದ ಆ ಮಗು ಬೆಂಚಿನ ಕಾಲು ಹಿಡಿದು ಎದ್ದು ನಿಂತು, ಕೈಬಿಟ್ಟು, ತೊಪ್ಪನೆ ಕುಳಿತು, ಮತ್ತೆ ಎದ್ದಿತು. ಅದನ್ನು ನೋಡಿದವನು ನಾನೊಬ್ಬನೇ.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನ ಕಿವಿಗೆ ಮೊದಲು ಮಾತು ಬೀಳುತ್ತದೆ, ವಿಷಯ ಆಮೇಲೆ. ಮೈಲಿಗಲ್ಲು ಹೆದ್ದಾರಿಯ ವಸ್ತು. ಯಾರು ಹೋದರೂ ಅದೇ ಅಂತರ, ಅದೇ ಅನುಕ್ರಮ. ತಡವಾದರೆ ತಡವಾದವನದೇ ತಪ್ಪು. ಮಗುವಿನ ಮೈ ಇಂಥ ಹೆದ್ದಾರಿಯಲ್ಲಿ ಸಾಗುತ್ತದೆಯೆ? ಈ ಮಾತು ನಮ್ಮ ಮನೆಗಳಿಗೆ ಬರುವ ಮೊದಲು ನಮ್ಮವರು ಮಗುವಿನ ಏಳುಬೀಳುಗಳನ್ನು ಏನೆಂದು ಕರೆಯುತ್ತಿದ್ದರು, ಹೇಗೆ ನೋಡುತ್ತಿದ್ದರು, ಅವಕ್ಕೆ ಎಷ್ಟು ನೆಲ ಬಿಟ್ಟುಕೊಟ್ಟಿದ್ದರು? ನಾನು ಇಲ್ಲಿ ಹೇಳಬೇಕೆಂದಿರುವುದು ಈ ಸಣ್ಣ ಚರಿತ್ರೆಯನ್ನು. ಹುಟ್ಟಿದಂದಿನಿಂದ ಶಾಲೆ ಸೇರುವವರೆಗಿನ ಐದು ವರ್ಷಗಳಲ್ಲಿ ಮನುಷ್ಯ ತನ್ನ ಕೊರಳು, ಬೆನ್ನು, ಕೈಕಾಲುಗಳನ್ನು ಒಂದೊಂದಾಗಿ ಸ್ವಾಧೀನಕ್ಕೆ ತಂದುಕೊಳ್ಳುವ ಕಥೆ ಯಾವ ರಾಜವಂಶದ ದಿಗ್ವಿಜಯಕ್ಕೂ ಕಡಮೆಯದಲ್ಲ. ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಸ್ವಂತದ ಕಾರಣವೂ ಒಂದಿದೆ; ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮೊದಲು ಮಾತುಗಳನ್ನೇ ನೋಡೋಣ. ಮಗುವಿನ ಕೊರಳು ನಿಂತಿತು ಎನ್ನುತ್ತೇವೆ. ಬೋರಲು ಬಿತ್ತು, ಮಗುಚಿಕೊಂಡಿತು ಎನ್ನುತ್ತೇವೆ. ಹೊಟ್ಟೆಯ ಮೇಲೆ ಸರಿದರೆ ತೆವಳುವುದು. ಕೈ ಮಂಡಿಗಳನ್ನೂರಿ ಸರಿದರೆ ಅಂಬೆಗಾಲು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಭಾಷೆ ಮಗುವನ್ನು ನೆಲದ ಮಟ್ಟಕ್ಕೆ ಬಗ್ಗಿ ನೋಡಿದೆ ಎಂದೇ ಅರ್ಥ. ಇವೆರಡರ ನಡುವೆ, ಕೈ ಮಂಡಿ ಊರಿಯೂ ಮುಂದೆ ಹೋಗಲಾರದೆ ಹಿಂದಕ್ಕೂ ಮುಂದಕ್ಕೂ ತೂಗಾಡುವ ಕೆಲವು ದಿನಗಳುಂಟು. ನಮ್ಮ ಅಜ್ಜಿ ಅದನ್ನು ಆನೆಯಾಟ ಎನ್ನುತ್ತಿದ್ದಳು. ಎದ್ದು ನಿಂತ ಮಗುವಿನ ತೊದಲು ಹೆಜ್ಜೆಗೆ ಹಳೆಯ ಕನ್ನಡದಲ್ಲಿ ದಟ್ಟಡಿ ಎಂಬ ಸೊಗಸಾದ ಮಾತಿದೆ. ಆಡುಮಾತಿನಲ್ಲಿ ಅದೇ ತಪ್ಪುಹೆಜ್ಜೆ. ತಪ್ಪು ಎಂಬ ಶಬ್ದವನ್ನು ಇಷ್ಟು ವಾತ್ಸಲ್ಯದಿಂದ ಬಳಸುವ ಇನ್ನೊಂದು ಸಂದರ್ಭ ಕನ್ನಡದಲ್ಲಿ ನನಗೆ ಹೊಳೆಯುವುದಿಲ್ಲ.

ಈ ಮಾತುಗಳಲ್ಲಿ ಯಾವುದರೊಳಗೂ ತಿಂಗಳ ಲೆಕ್ಕ ಸೇರಿಲ್ಲ. ಮಗು ಮಾಡಿದ ಕೆಲಸವೇ ಅದರ ಹೆಸರು. ಅಂಬೆಗಾಲಿಟ್ಟು ಮೊದಲ ಬಾರಿ ಹೊಸ್ತಿಲು ದಾಟಿದ ದಿನ ನಮ್ಮ ಮನೆಯಲ್ಲಿ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಮುಹೂರ್ತವನ್ನು ಗೊತ್ತುಮಾಡುತ್ತಿದ್ದುದು ಮಗು. ಪಂಚಾಂಗಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಹಾಗೆಂದು ನಮ್ಮ ಹಿಂದಿನವರಿಗೆ ಕಾಲದ ಲೆಕ್ಕ ತಿಳಿದಿರಲಿಲ್ಲ ಎಂದು ಹೇಳಿದರೆ ಅದು ಭಾವುಕತೆಯಾದೀತು. ಶಾಸ್ತ್ರಗ್ರಂಥಗಳಲ್ಲಿ ಲೆಕ್ಕ ಇದ್ದೇ ಇದೆ. ಹಳೆಯ ಶಿಶುವೈದ್ಯದಲ್ಲಿ ಉಪವೇಶನ ಎಂಬ ಸಂಸ್ಕಾರ ಬರುತ್ತದೆ: ಐದಾರು ತಿಂಗಳ ಹೊತ್ತಿಗೆ ನೆಲ ಸಾರಿಸಿ, ಮಗುವನ್ನು ಭೂಮಿಯ ಮೇಲೆ ಸ್ವಲ್ಪ ಹೊತ್ತು ಕೂರಿಸುವುದು. ಈ ‘ಸ್ವಲ್ಪ ಹೊತ್ತು’ ಎಂಬುದು ಮುಖ್ಯ. ಬಹಳ ಹೊತ್ತು ಕೂರಿಸಿದರೆ ಎಳೆಯ ಮೈಗೆ ಕೇಡು ಎಂಬ ಎಚ್ಚರಿಕೆ ಜೊತೆಗೇ ಇದೆ. ಚರಕಸಂಹಿತೆ ಮಗುವಿನ ಆಟಿಕೆ ಹೇಗಿರಬೇಕೆಂದು ಹೇಳುತ್ತದೆ: ಬಣ್ಣಬಣ್ಣದ್ದಾಗಿ, ಸದ್ದು ಮಾಡುವಂತಿದ್ದು, ಹಗುರವಾಗಿರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಷ್ಟು ಸಣ್ಣದಿರಬಾರದು, ಮಗುವನ್ನು ಹೆದರಿಸಬಾರದು. ಇಂದಿನ ಆಟಿಕೆಗಳ ಡಬ್ಬಿಯ ಮೇಲೆ ಅಚ್ಚಾಗುವ ಸೂಚನೆಗಳಿಗೆ ಇದಕ್ಕಿಂತ ಹೆಚ್ಚೇನೂ ಸೇರಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಕಾಶ್ಯಪಸಂಹಿತೆ. ಶಿಶುವೈದ್ಯಕ್ಕೇ ಮೀಸಲಾದ ಈ ಪ್ರಾಚೀನ ಗ್ರಂಥದ ಪ್ರತಿ ನೇಪಾಳದಲ್ಲಿ ದೊರೆತು, ೧೯೩೮ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿ ಫಕ್ಕ ಎಂಬ ರೋಗದ ವಿವರಣೆಯಿದೆ. ವರ್ಷ ತುಂಬಿಯೂ ಕಾಲಿನ ಮೇಲೆ ನಡೆಯದ ಮಗುವಿಗೆ ಫಕ್ಕವೆಂದು ಹೆಸರು. ಕಾರಣಗಳು ಮೂರು: ಎದೆಹಾಲಿನ ದೋಷದಿಂದ ಬಂದದ್ದು, ಕಾಯಿಲೆಯಿಂದ ಬಂದದ್ದು, ತಾಯಿ ಬೇಗನೆ ಮತ್ತೆ ಗರ್ಭಿಣಿಯಾಗಿ ಮೊದಲ ಮಗುವಿಗೆ ಹಾಲು ತಪ್ಪಿದ್ದರಿಂದ ಬಂದದ್ದು. ಈ ಕೊನೆಯದನ್ನು ಓದಿದಾಗ ನನಗೆ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯ ನೆನಪಾಯಿತು. ಈಕೆ ೧೯೩೦ರ ದಶಕದಲ್ಲಿ ಆಫ್ರಿಕದ ಗೋಲ್ಡ್‌ಕೋಸ್ಟಿನಲ್ಲಿ ಕಂಡು ವರ್ಣಿಸಿದ ಅಪೌಷ್ಟಿಕತೆಗೆ ಅಲ್ಲಿಯ ಜನರ ಮಾತನ್ನೇ ಹೆಸರಾಗಿಟ್ಟಳು: ಕ್ವಾಷಿಯೊರ್ಕರ್. ಮುಂದಿನ ಕೂಸು ಬಂದಾಗ ಹಿಂದಿನ ಕೂಸಿಗೆ ತಗಲುವ ಕಾಯಿಲೆ ಎಂಬ ಭಾವ ಅದರಲ್ಲಿದೆ. ಎರಡು ಕಾಲ, ಎರಡು ಖಂಡ. ಕಂಡದ್ದು ಒಂದೇ ಮಗು.

ಇನ್ನು ಫಕ್ಕದ ಚಿಕಿತ್ಸೆ. ತುಪ್ಪ, ಹಾಲು, ಎಣ್ಣೆಯ ಅಭ್ಯಂಗಗಳ ಜೊತೆಗೆ ಗ್ರಂಥಕಾರ ಒಂದು ಯಂತ್ರವನ್ನು ಹೇಳುತ್ತಾನೆ: ಬಡಗಿಯಿಂದ ಮಾಡಿಸಿದ ಮೂರು ಚಕ್ರದ ಸಣ್ಣ ರಥ. ಮಗು ಅದನ್ನು ಹಿಡಿದುಕೊಂಡು ಮೆಲ್ಲಮೆಲ್ಲನೆ ನಡಿಗೆಯನ್ನು ಅಭ್ಯಾಸ ಮಾಡಬೇಕು. ಓದುತ್ತಿದ್ದಂತೆಯೇ ನಾನು ಎದ್ದು ಕುಳಿತೆ, ಏಕೆಂದರೆ ಆ ರಥ ನಮ್ಮ ಮನೆಯಲ್ಲಿತ್ತು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದ್ದಿರಬೇಕು. ಹಿಡಿದುಕೊಳ್ಳಲು ಅಡ್ಡಪಟ್ಟಿ, ಹಿಂದೆ ಎರಡು ಗಾಲಿ, ಮುಂದೆ ಒಂದು. ತಳ್ಳಿದರೆ ಟಕಟಕ ಸದ್ದು. ನಮ್ಮದು ಚನ್ನಪಟ್ಟಣದ ಕಡೆಯಿಂದ ಬಂದ, ಅರಗಿನ ಬಣ್ಣ ಬಳಿದ ಮರದ ಬಂಡಿ. ನಾನು ಅದನ್ನು ತಳ್ಳಿ ನಡೆ ಕಲಿತೆ. ನನ್ನ ಹಿಂದೆ ಹುಟ್ಟಿದ ತಂಗಿಯೂ ಕಲಿತಳು. ಕೊನೆಗೆ ಒಂದು ಗಾಲಿ ಹೋಗಿ, ಬಹಳ ವರ್ಷ ಅಟ್ಟದ ಮೇಲಿತ್ತು.

ಇಲ್ಲಿ ನನ್ನ ಒಂದು ಅವಿವೇಕವನ್ನು ಒಪ್ಪಿಕೊಳ್ಳಬೇಕು. ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿರುವ ಮಗಳ ಮನೆಗೆ, ಮೊಮ್ಮಗಳಿಗೆ ಒಂಬತ್ತು ತಿಂಗಳಾದಾಗ, ನಾನೇ ಹೋಗಿ ಒಂದು ಪ್ಲಾಸ್ಟಿಕ್ಕಿನ ವಾಕರ್ ಕೊಂಡುಕೊಟ್ಟೆ. ದುಂಡನೆಯ ಚೌಕಟ್ಟಿನ ನಡುವೆ ಬಟ್ಟೆಯ ಆಸನ, ಕೆಳಗೆ ಎಂಟು ಗಾಲಿ. ಹಳೆಯ ಬಂಡಿಯ ಹೊಸ ಅವತಾರವೆಂದು ನನ್ನ ತಿಳಿವಳಿಕೆ. ಮೂರನೆಯ ದಿನ ಅದು ಬಚ್ಚಲಿನ ಕಡೆಯ ಒಂದು ಮೆಟ್ಟಿಲಿನಿಂದ ಕೆಳಗುರುಳಿ ಮಗುವಿನ ಹುಬ್ಬು ಸೀಳಿತು. ಮೂರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ವೈದ್ಯರು ನನಗೆ ನಯವಾಗಿಯೇ ಪಾಠ ಹೇಳಿದರು. ಮರದ ಬಂಡಿಯಲ್ಲಿ ಮಗು ನಿಂತಿರುತ್ತದೆ, ಭಾರ ಅದರ ಕಾಲಿನ ಮೇಲಿರುತ್ತದೆ, ಸಮತೋಲ ತಪ್ಪಿದರೆ ಕೂಡಲೆ ತಿಳಿಯುತ್ತದೆ. ವಾಕರಿನಲ್ಲಿ ಮಗು ಕುಳಿತಿರುತ್ತದೆ. ಬೆರಳ ತುದಿಯಿಂದ ನೆಲ ಒದ್ದರೆ ಸಾಕು, ಬಂಡಿ ಓಡುತ್ತದೆ, ಮೈ ಏನನ್ನೂ ಕಲಿಯುವುದಿಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಸ್ವಲ್ಪ ತಡವಾಗುವುದೂ ಉಂಟು. ಕೆನಡಾ ದೇಶ ೨೦೦೪ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಹಿಡಿದು ತಳ್ಳುವ ಬಂಡಿಗೂ ಕೂತು ತೇಲುವ ಬಂಡಿಗೂ ಇರುವ ಈ ವ್ಯತ್ಯಾಸ ಕಾಶ್ಯಪಸಂಹಿತೆಯ ಬಡಗಿಗೆ ಗೊತ್ತಿತ್ತು; ಕನ್ನಡ ಪ್ರಾಧ್ಯಾಪಕನಿಗೆ ಗೊತ್ತಿರಲಿಲ್ಲ.

ಆ ಮೇಲೆ ನಾನು ಈ ವಿಷಯದ ಹೊಸ ಶಾಸ್ತ್ರವನ್ನೂ ಕೈಲಾದಷ್ಟು ಓದಿದೆ. ಮೈಲಿಗಲ್ಲಿನ ಮಾತು ನಮಗೆ ಬಂದದ್ದು ಬಹುಮಟ್ಟಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಎಂಬವರಿಂದ. ೧೯೧೧ರಲ್ಲಿ ಅಲ್ಲಿ ಶಿಶು ಅಧ್ಯಯನ ಕೇಂದ್ರ ತೆರೆದು, ಮಕ್ಕಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಯಾವ ವಯಸ್ಸಿಗೆ ಏನು ಎಂಬ ಪಟ್ಟಿಗಳನ್ನು ಅವರು ಸಿದ್ಧಪಡಿಸಿದರು. ಹತೋಟಿ ತಲೆಯಿಂದ ಕಾಲಿನ ಕಡೆಗೆ, ನಡುಮೈಯಿಂದ ಬೆರಳ ತುದಿಯ ಕಡೆಗೆ ಇಳಿಯುತ್ತದೆ. ಅದನ್ನು ನಡೆಸುವುದು ಒಳಗಿನ ಪಕ್ವತೆ. ಅವಸರ ಮಾಡಿ ಪ್ರಯೋಜನವಿಲ್ಲ. ಇದು ಅವರ ಸಿದ್ಧಾಂತ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಮಿರ್ಟಲ್ ಮೆಗ್ರಾ ಅವಳಿಗಳಿಬ್ಬರಲ್ಲಿ ಜಾನಿಗೆ ಎಳವೆಯಿಂದಲೇ ಏರು ಹತ್ತುವುದು, ಈಜು, ಗಾಲಿಬೂಟಿನ ಜಾರಾಟಗಳನ್ನು ಕಲಿಸಿ, ಜಿಮ್ಮಿಯನ್ನು ಅವನ ಪಾಡಿಗೆ ಬಿಟ್ಟು ನೋಡಿದರು. ೧೯೩೫ರಲ್ಲಿ ಅದರ ಪುಸ್ತಕ ಬಂತು. ನಡಿಗೆ ಇಬ್ಬರಿಗೂ ಹೆಚ್ಚುಕಡಮೆ ಒಂದೇ ಕಾಲಕ್ಕೆ ಬಂದಿತು. ಕಲಿಸಿದ ಸಾಹಸಗಳಲ್ಲಿ ಮಾತ್ರ ಜಾನಿ ಬಹಳ ಮುಂದೆ. ಆ ೧೯೩೫ರಲ್ಲೇ ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಇದು ಪ್ರಸಂಗಾಂತರವೇ ಸರಿ. ಆದರೂ ಮಗುವಿನ ಮನಸ್ಸು, ಮೈಗಳನ್ನು ಕುರಿತು ಬಾನುಲಿಯಲ್ಲಿ ಮಾತನಾಡುವವನು ಅವರನ್ನು ನೆನೆಯದೆ ಇರುವುದು ಸರಿಯಲ್ಲ.

ಗೆಸೆಲರ ಪಟ್ಟಿಗೆ ಮೊದಲ ಪೆಟ್ಟು ಬಿದ್ದದ್ದು ಆಫ್ರಿಕದಿಂದ. ೧೯೫೭ರಲ್ಲಿ ಗೆಬರ್ ಮತ್ತು ಡೀನ್ ಎಂಬ ವೈದ್ಯರು ಉಗಾಂಡದ ಶಿಶುಗಳು ಐರೋಪ್ಯ ಮಕ್ಕಳಿಗಿಂತ ಮೊದಲೇ ತಲೆ ನಿಲ್ಲಿಸುವುದನ್ನೂ ಕೂರುವುದನ್ನೂ ವರದಿ ಮಾಡಿದರು. ಅದು ಜನಾಂಗದ ಗುಣವೆಂದು ಕೆಲವರು ಅವಸರದಿಂದ ಹೇಳಿದರು. ೧೯೭೬ರಲ್ಲಿ ಚಾರ್ಲ್ಸ್ ಸೂಪರ್ ಕೀನ್ಯದ ಕಿಪ್ಸಿಗಿಸ್ ಜನರಲ್ಲಿ ಇದನ್ನು ಬಿಡಿಸಿ ನೋಡಿದರು. ಅಲ್ಲಿಯ ತಾಯಂದಿರು ನೆಲದಲ್ಲಿ ಸಣ್ಣ ಗುಳಿ ತೋಡಿ ಮಗುವನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಾರೆ, ಕೈಹಿಡಿದು ನಡೆಸುತ್ತಾರೆ. ಕೂರಿಸಿ ಕಲಿಸುವುದಕ್ಕೆ, ನಡೆಸಿ ಕಲಿಸುವುದಕ್ಕೆ ಅವರ ಭಾಷೆಯಲ್ಲಿ ಬೇರೆಯದೇ ಮಾತುಗಳಿವೆ. ಆ ಮಕ್ಕಳು ಮುಂದಿರುವುದು ಕಲಿಸಿದ ಈ ಎರಡರಲ್ಲಿ. ಯಾರೂ ಕಲಿಸದ ಅಂಬೆಗಾಲಿನಲ್ಲಿ ಅವರೇನೂ ಮುಂದಿಲ್ಲ. ಕಾಲು ನೀಡಿ ಕುಳಿತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕೈಕಾಲು ಮಡಿಸಿ ಬಿಡಿಸಿ ನೀರು ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ನೀರೆಂದಾಗ ಇನ್ನೊಂದು ಪ್ರಯೋಗ ನೆನಪಿಗೆ ಬರುತ್ತದೆ. ಹಸುಗೂಸನ್ನು ಕಂಕುಳಿಗೆ ಕೈಕೊಟ್ಟು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಎರಡು ತಿಂಗಳ ಸುಮಾರಿಗೆ ಈ ಆಟ ನಿಂತುಹೋಗುತ್ತದೆ. ಮಿದುಳು ಬೆಳೆದಂತೆ ಅದು ಅಡಗುತ್ತದೆ ಎಂದು ಬಹುಕಾಲ ನಂಬಿದ್ದರು. ೧೯೮೪ರಲ್ಲಿ ಎಸ್ತರ್ ಥೆಲೆನ್ ಮತ್ತು ಸಂಗಡಿಗರು ಕೂಸುಗಳನ್ನು ಎದೆಮಟ್ಟದ ನೀರಿನಲ್ಲಿ ಹಿಡಿದು ನೋಡಿದರು. ಕಾಲಿನ ಭಾರ ನೀರಿನಲ್ಲಿ ಇಳಿದದ್ದೇ ತಡ, ಹೆಜ್ಜೆಗಳು ಹೆಚ್ಚಿದವು. ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಕಡಮೆಯಾದವು. ಕೊಬ್ಬು ತುಂಬಿದ ಕಾಲು ಬಲಕ್ಕಿಂತ ಬೇಗ ಭಾರವಾಗಿತ್ತು, ಅಷ್ಟೆ. ನಡಿಗೆ ಮಿದುಳಿನಲ್ಲಿ ಬರೆದಿಟ್ಟ ಪಟ್ಟಿಯೊಂದರಿಂದ ಮಾತ್ರ ಬರುವುದಿಲ್ಲ. ತೂಕ, ಬಲ, ನೆಲ, ಆಸೆ ಎಲ್ಲ ಕೂಡಿದಾಗ ಬರುತ್ತದೆ. ಕ್ಯಾರನ್ ಅಡಾಲ್ಫ್ ೨೦೧೨ರಲ್ಲಿ ಹೊಸದಾಗಿ ನಡೆಯುವ ಮಕ್ಕಳ ಹೆಜ್ಜೆಗಳನ್ನೇ ಎಣಿಸಿದರು. ಆಟದ ಹೊತ್ತಿನಲ್ಲಿ ಗಂಟೆಗೆ ಸರಾಸರಿ ೨೩೬೮ ಹೆಜ್ಜೆ, ೧೭ ಬೀಳು. ಗಂಟೆಗೆ ಹದಿನೇಳು ಸಲ ಬಿದ್ದೂ ಮುಂದುವರಿಯುವ ವಿದ್ಯಾರ್ಥಿಯನ್ನು ನನ್ನ ಅಧ್ಯಾಪನದ ಅವಧಿಯಲ್ಲಿ ನಾನು ಕಂಡಿಲ್ಲ.

ಇನ್ನು ವಯಸ್ಸಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕಗಳ ೮೧೬ ಆರೋಗ್ಯವಂತ ಮಕ್ಕಳಿದ್ದರು. ಆಸರೆಯಿಲ್ಲದೆ ಕೂರುವುದು ೩.೮ ತಿಂಗಳಿಂದ ೯.೨ರವರೆಗೆ, ತಾನಾಗಿ ನಡೆಯುವುದು ೮.೨ರಿಂದ ೧೭.೬ರವರೆಗೆ. ಎಂಥ ಅಗಲವಾದ ಬಾಗಿಲು ನೋಡಿ. ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲನ್ನು ಇಡಲೇ ಇಲ್ಲ. ಬೇರೆ ದಾರಿಯಿಂದ ನಡಿಗೆಗೆ ಬಂದರು. ನನ್ನ ಮೊಮ್ಮಗಳೂ ಅಂಥವಳೇ. ಕುಳಿತಲ್ಲಿಂದಲೇ ಕುಂಡೆ ಸರಿಸಿ ಮನೆಯೆಲ್ಲ ಸುತ್ತಿ, ಹದಿನಾರನೆಯ ತಿಂಗಳಲ್ಲಿ ಒಂದು ಸಂಜೆ ಎದ್ದು ನಡೆದಳು. ಅಮೆರಿಕದ ರೋಗನಿಯಂತ್ರಣ ಕೇಂದ್ರ ೨೦೨೨ರಲ್ಲಿ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ಕೈಬಿಟ್ಟಿತು. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ಬಂದ ವಿದ್ಯೆ ಹೋಗಬಾರದು. ನಡೆಯುತ್ತಿದ್ದ ಮಗು ನಡೆಯುವುದನ್ನು ನಿಲ್ಲಿಸಿದರೆ, ಏರುತ್ತಿದ್ದ ಮೆಟ್ಟಿಲನ್ನು ಏರದಾದರೆ, ಒಂದು ದಿನವನ್ನೂ ಕಾಯಬಾರದು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಆ ಮರದ ಬಂಡಿಯನ್ನು ತಳ್ಳಿ ನಡೆ ಕಲಿತ ನನ್ನ ತಂಗಿಗೆ ೧೯೬೬ರಲ್ಲಿ, ಮೂರು ವರ್ಷ ತುಂಬಿದ ಮೇಲೆ, ನಾಲ್ಕು ದಿನ ಜ್ವರ ಬಂತು. ಐದನೆಯ ಬೆಳಗ್ಗೆ ಹಾಸಿಗೆಯಿಂದ ಇಳಿದವಳು ಕುಸಿದಳು. ಎಡಗಾಲು ಮತ್ತೆ ಬರಲಿಲ್ಲ. ಪೋಲಿಯೋ ಲಸಿಕೆ ಅಮೆರಿಕದಲ್ಲಿ ೧೯೫೫ರಲ್ಲೇ ಬಳಕೆಗೆ ಬಂದಿತ್ತು. ನಮ್ಮ ದೇಶದ ವಿಸ್ತೃತ ಲಸಿಕೆ ಕಾರ್ಯಕ್ರಮ ಆರಂಭವಾದದ್ದು ೧೯೭೮ರಲ್ಲಿ, ಅದಕ್ಕೆ ಪೋಲಿಯೋ ಹನಿ ಸೇರಿದ್ದು ಮರುವರ್ಷ. ನಡುವಿನ ಆ ವರ್ಷಗಳಲ್ಲಿ ಅನೇಕ ಶಾಲೆಗಳಲ್ಲಿ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು ಕಟ್ಟಿದ ಒಂದೆರಡು ಮಕ್ಕಳಾದರೂ ಇರುತ್ತಿದ್ದರು. ದೇಶದ ಕೊನೆಯ ಪ್ರಕರಣ ವರದಿಯಾದದ್ದು ೨೦೧೧ರ ಜನವರಿಯಲ್ಲಿ. ೨೦೧೪ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ನಮ್ಮ ಕಾಲದಲ್ಲಿ ನಡೆದ ದೊಡ್ಡ ಘಟನೆಗಳ ಪಟ್ಟಿ ಮಾಡುವ ಇತಿಹಾಸಕಾರರು ಇದನ್ನು ಎಷ್ಟನೆಯ ಸಾಲಿನಲ್ಲಿ ಬರೆಯುತ್ತಾರೋ ತಿಳಿಯದು. ನಾನು ಮೊದಲನೆಯ ಸಾಲಿನಲ್ಲಿ ಬರೆಯುತ್ತೇನೆ.

ತಂಗಿಯ ಮಾತಿಗೆ ಮತ್ತೆ ಬರುತ್ತೇನೆ. ನಡಿಗೆ ಬಂದ ಮಾತ್ರಕ್ಕೆ ಮೈಯ ಶಿಕ್ಷಣ ಮುಗಿಯುವುದಿಲ್ಲ. ಎರಡರ ಹೊತ್ತಿಗೆ ಓಟ, ಚೆಂಡನ್ನು ಒದೆಯುವುದು. ಮೆಟ್ಟಿಲಿಗೆ ಎರಡೂ ಕಾಲನ್ನಿಟ್ಟು ಏರುವುದು. ಮೂರಕ್ಕೆ ಮೆಟ್ಟಿಲಿಗೊಂದೇ ಹೆಜ್ಜೆ, ಮೂರುಗಾಲಿಯ ಸೈಕಲ್ಲು, ಒಂಟಿಕಾಲಿನಲ್ಲಿ ಕ್ಷಣಮಾತ್ರ ನಿಲ್ಲುವುದು. ನಾಲ್ಕಕ್ಕೆ ಒಂಟಿಕಾಲಿನ ಕುಪ್ಪಳ. ಐದರ ಸುಮಾರಿಗೆ ಕಾಲು ಬದಲಿಸಿ ಬದಲಿಸಿ ಜಿಗಿದೋಡುವುದು, ಬಂದ ಚೆಂಡನ್ನು ಎದೆಗವಚಿಕೊಳ್ಳದೆ ಕೈಯಲ್ಲೇ ಹಿಡಿಯುವುದು. ನಮ್ಮ ಬೀದಿಯಾಟಗಳನ್ನು ಯಾವ ಶಿಕ್ಷಣ ಇಲಾಖೆಯೂ ಜೋಡಿಸಲಿಲ್ಲ. ಆದರೂ ಅವು ಇದೇ ಕ್ರಮದಲ್ಲಿವೆ. ಕೈ ಕೈ ಹಿಡಿದು ಗಿರಗಿರನೆ ತಿರುಗುವ ಅಪ್ಪಾಳೆ ತಿಪ್ಪಾಳೆ ಮೂರರ ಮಗುವಿಗೂ ಎಟಕುತ್ತದೆ. ತಲೆ ತಿರುಗಿದರೂ ಕಾಲೂರಿ ನಿಲ್ಲುವುದೇ ಅದರ ಪಾಠ. ಕಣ್ಣಾಮುಚ್ಚಾಲೆಗೆ ಓಟ ಸಾಕು. ಲಗೋರಿಗೆ ಗುರಿ ಬೇಕು, ತಪ್ಪಿಸಿಕೊಳ್ಳುವ ಚುರುಕೂ ಬೇಕು. ಕುಂಟಾಬಿಲ್ಲೆಯಂತೂ ಒಂದು ಪರೀಕ್ಷೆ. ಅಂಗೈಯಗಲದ ಆಧಾರದ ಮೇಲೆ ಇಡೀ ಮೈಯನ್ನು ನಿಲ್ಲಿಸಿ, ಅಲ್ಲಿಂದಲೇ ಮೇಲಕ್ಕೆಸೆದು, ಅದೇ ಕಾಲಿನ ಮೇಲೆ, ಗೆರೆ ಮುಟ್ಟದಂತೆ ಇಳಿಸಬೇಕು. ನಡುವೆ ಬಗ್ಗಿ ಬಿಲ್ಲೆಯನ್ನು ಹೆಕ್ಕಬೇಕು. ದಟ್ಟಡಿಯಿಂದ ಕುಂಟಾಬಿಲ್ಲೆಗೆ ನಾಲ್ಕು ವರ್ಷದ ದಾರಿ.

ಈ ದಾರಿಗೆ ಬೇಕಾದದ್ದು ನೆಲ. ದಕ್ಷಿಣ ಬೆಂಗಳೂರಿನ ಮಕ್ಕಳಿಗೆ ನೆಲ ಹೇಗೆ ಸಿಕ್ಕಿತು, ಹೇಗೆ ಕೈತಪ್ಪಿತು ಎಂಬುದೂ ಈ ಚರಿತ್ರೆಯ ಭಾಗವೇ. ಬೆಂಗಳೂರು ನಗರ ಅಭಿವೃದ್ಧಿ ಮಂಡಲಿಯ ಯೋಜನೆಯಂತೆ ಜಯನಗರಕ್ಕೆ ೧೯೪೮ರಲ್ಲಿ ಅಸ್ತಿಭಾರ ಬಿತ್ತು; ಹಾಕಿದವರು ಗವರ್ನರ್ ಜನರಲ್ ರಾಜಾಜಿ. ಅರವತ್ತರ ದಶಕದಲ್ಲಿ ನಾವು ಮೂರನೆಯ ಬ್ಲಾಕಿನ ನಮ್ಮ ಮನೆಗೆ ಬಂದಾಗ ಎರಡು ಮನೆಗೆ ಮೂರು ಖಾಲಿ ನಿವೇಶನ. ಗೆಜ್ಜಲ ಹುತ್ತ, ಮರಳಿನ ರಾಶಿ, ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ನಮ್ಮ ವ್ಯಾಯಾಮಶಾಲೆ ಅದು. ಯಾರೂ ಅದನ್ನು ಮಕ್ಕಳಿಗಾಗಿ ಮಾಡಿರಲಿಲ್ಲ. ದೊಡ್ಡವರು ಇನ್ನೂ ಕಟ್ಟಿ ಮುಗಿಸದಿದ್ದುದರಿಂದ ನಮಗೆ ಸಿಕ್ಕಿತ್ತು. ಮಂಡಲಿ ೧೯೭೬ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು. ಬನಶಂಕರಿ, ಜೆ.ಪಿ. ನಗರಗಳು ಬೆಳೆದವು, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಬಿಟಿಎಂ ಎಂಬ ಮೂರು ಅಕ್ಷರಗಳೊಳಗೆ ಸೇರಿಕೊಂಡವು. ಖಾಲಿ ನಿವೇಶನಗಳು ಒಂದೊಂದಾಗಿ ತುಂಬಿದವು. ಲಕ್ಷ್ಮಣರಾವ್ ಉದ್ಯಾನದ ನೀಳವಾದ ಹಸಿರು ಪಟ್ಟಿಯಲ್ಲಿ ಮರಗಳುರುಳಿ, ೨೦೧೭ರಲ್ಲಿ ಮೆಟ್ರೋ ರೈಲು ತಲೆಯ ಮೇಲೆ ಓಡತೊಡಗಿತು. ರೈಲಿನಲ್ಲಿ ನಾನೂ ಓಡಾಡುತ್ತೇನೆ. ದೂರುವ ಹಕ್ಕು ನನಗೆ ಅರ್ಧವೇ ಉಂಟು.

ಮಕ್ಕಳಿಗಾಗಿಯೇ ನೆಲ ಬಿಡಿಸಿದವರೂ ಇದ್ದರು. ಬಾಲವಿಧವೆಯಾಗಿ, ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಕ್ಕಳೆಂದರೆ ಓದುವ ಕಣ್ಣು, ಬರೆಯುವ ಕೈ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಅವರಿಗೊಂದು ಕೂಟ, ಒಂದು ಬಯಲು ಬೇಕೆಂದು ಆ ಮಹಾತಾಯಿಗೆ ತೋರಿತು. ಮರುವರ್ಷ ಮರಿಯಾ ಮಾಂಟೆಸ್ಸೊರಿ ಮದರಾಸಿಗೆ ಬಂದಿಳಿದರು. ಯುದ್ಧದ ಕಾಲವೆಲ್ಲ ಈ ದೇಶದಲ್ಲೇ ಉಳಿದರು. ಅವರ ಪದ್ಧತಿಯಲ್ಲಿ ನೆಲದ ಮೇಲೆ ದೀರ್ಘವೃತ್ತದ ಗೆರೆಯೊಂದಿರುತ್ತದೆ. ಮಗು ಕೈಯಲ್ಲಿ ತುಂಬಿದ ಲೋಟವನ್ನೋ ಸದ್ದಾಗದಂತೆ ಗಂಟೆಯನ್ನೋ ಹಿಡಿದು ಆ ಗೆರೆಯ ಮೇಲೆ ನಡೆಯಬೇಕು. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿಯಬಾರದು, ಮಾಂಟೆಸ್ಸೊರಿಯಲ್ಲಿ ಗೆರೆ ಬಿಡಬಾರದು. ಎರಡರ ಮರ್ಮವೂ ಸಮತೋಲ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ಟಿ. ನರಸೀಪುರ. ಅಲ್ಲಿಂದ ಅಂಗನವಾಡಿ ಎಂಬ ಮಾತು ಹಳ್ಳಿಹಳ್ಳಿಗೆ ಹೋಯಿತು. ಅಂಗನವೆಂದರೆ ನಮ್ಮ ಅಂಗಳವೇ. ಊಟ, ಲಸಿಕೆ, ತೂಕದ ತಕ್ಕಡಿ ಎಲ್ಲವನ್ನೂ ಆ ಯೋಜನೆ ತಂದಿತು. ಅದರಿಂದ ಬದುಕಿದ ಮಕ್ಕಳು ಅಸಂಖ್ಯ. ನಗರದಲ್ಲಿ ನಾನು ಕಂಡ ಎರಡು ಮೂರು ಅಂಗನವಾಡಿಗಳಿಗೆ ಮಾತ್ರ ಅಂಗಳವಿರಲಿಲ್ಲ.

ಕೈತಪ್ಪದೆ ಉಳಿದ ನೆಲವೂ ಒಂದಿದೆ: ಲಾಲ್‌ಬಾಗಿನ ಬಂಡೆ. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ೧೯೭೫ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಜಯನಗರ, ಬಸವನಗುಡಿಗಳ ಎಷ್ಟು ತಲೆಮಾರಿನ ಮಕ್ಕಳು ಅದರ ಇಳಿಜಾರಿನಲ್ಲಿ ಮಂಡಿ ತರಚಿಕೊಂಡಿದ್ದಾರೋ! ಮೊದಲು ಹೆಸರಿಸಿದ ಅಡಾಲ್ಫ್ ಇಳಿಜಾರುಗಳ ಮೇಲೆಯೇ ಶಿಶುಗಳನ್ನು ಪರೀಕ್ಷಿಸಿ ೧೯೯೭ರಲ್ಲಿ ಬರೆದದ್ದು ಹೀಗೆ: ವಾರಗಟ್ಟಲೆ ಅಂಬೆಗಾಲಿಟ್ಟ ಮಗು ಕಡಿದಾದ ಇಳಿಜಾರನ್ನು ಕಂಡು ಹಿಂಜರಿಯಲು ಕಲಿಯುತ್ತದೆ, ಅದೇ ಮಗು ಎದ್ದು ನಡೆಯತೊಡಗಿದಾಗ ಕಲಿತದ್ದೆಲ್ಲವನ್ನೂ ಮರೆತಂತೆ ಅದೇ ಇಳಿಜಾರಿಗೆ ನುಗ್ಗಿ ಬೀಳುತ್ತದೆ. ಒಂದು ಭಂಗಿಯ ವಿವೇಕ ಇನ್ನೊಂದು ಭಂಗಿಗೆ ಒದಗುವುದಿಲ್ಲ; ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಕಳೆದ ವರ್ಷ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದೆ. ಏರುವಾಗ ನನ್ನನ್ನು ಹಿಂದೆ ಹಾಕಿದವಳು ಇಳಿಯುವಾಗ ನಡುವೆ ನಿಂತು, ಬಂಡೆಯನ್ನೊಮ್ಮೆ ಪಾದದಿಂದ ಒತ್ತಿ ನೋಡಿ, ಕುಳಿತು, ಕುಂಡೆ ಸರಿಸುತ್ತ ಇಳಿದಳು. ಹದಿನಾರು ತಿಂಗಳವರೆಗೆ ಅವಳು ಮಾಡಿದ ಅಭ್ಯಾಸ ವ್ಯರ್ಥವಾಗಿರಲಿಲ್ಲ.

ತಂಗಿಯ ಮಾತು ಹೇಳುತ್ತೇನೆಂದೆ. ಕಾಲು ಹೋದ ಮೇಲೆ ಅವಳು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಬೀದಿಯ ಆಟವನ್ನು ನೋಡುತ್ತಿದ್ದಳು. ಮೊದಮೊದಲು ಅಳುತ್ತಿದ್ದಳು, ಅವಳ ಕಣ್ಣಿಗೆ ಬೀಳದಂತೆ ನಾವು ಎದುರು ಬೀದಿಗೆ ಹೋಗಿ ಆಡುತ್ತಿದ್ದೆವು. ಅದು ಅವಳಿಗೆ ಇನ್ನೂ ದೊಡ್ಡ ಪೆಟ್ಟಾಯಿತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅವಳೇ ಹೇಳಿದಾಗ. ನಮ್ಮನ್ನು ಗದರಿಸಿ ಮತ್ತೆ ಮನೆಯ ಮುಂದಕ್ಕೆ ತಂದವಳು ಅಜ್ಜಿ. ಕುಂಟಾಬಿಲ್ಲೆಯ ಚೌಕಗಳನ್ನು ಜಗಲಿಯ ನೇರಕ್ಕೆ ಬರೆಸಿ, ತಂಗಿಯನ್ನು ತೀರ್ಪುಗಾರಳನ್ನಾಗಿ ಮಾಡಿದಳು. ಯಾರ ಹಿಮ್ಮಡಿ ಗೆರೆಗೆ ತಾಗಿತು, ಎತ್ತಿದ ಕಾಲು ಯಾವಾಗ ನೆಲ ಮುಟ್ಟಿತು ಎಂಬುದು ಅವಳಷ್ಟು ಸ್ಪಷ್ಟವಾಗಿ ಯಾರಿಗೂ ಕಾಣುತ್ತಿರಲಿಲ್ಲ. ಪಕ್ಕದ ಬೀದಿಯವರೂ ತಕರಾರನ್ನು ಅವಳ ಬಳಿಗೆ ತರುತ್ತಿದ್ದರು.

ಈಗ ಅವಳಿಗೆ ಅರವತ್ತು ದಾಟಿದೆ. ಊರುಗೋಲು, ಕಬ್ಬಿಣದ ಬದಲು ಹಗುರವಾದ ಪಟ್ಟಿ. ಮೊನ್ನೆ ಭಾನುವಾರ ನಾವಿಬ್ಬರೂ ಮಗಳ ಮನೆಗೆ ಹೋಗಿದ್ದೆವು. ಅಪಾರ್ಟ್‌ಮೆಂಟಿನ ಕೆಳಗೆ ಎರಡು ಕಾರುಗಳು ಹೊರಗೆ ಹೋಗಿ ಜಾಗ ತೆರವಾಗಿತ್ತು. ಮೊಮ್ಮಗಳು ಸೀಮೆಸುಣ್ಣ ತಂದಳು. ತಂಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕೋಲಿನ ತುದಿಯಿಂದ ತೋರಿಸಿ ಎಂಟು ಚೌಕಗಳನ್ನು ಬರೆಸಿದಳು. ಒಡೆದ ಹೂಕುಂಡದ ಚೂರು ಬಿಲ್ಲೆಯಾಯಿತು. ಹುಡುಗಿ ಮೂರನೆಯ ಮನೆಯಲ್ಲಿ ಓಲಾಡಿ, ಹೇಗೋ ನಿಂತು, ನಾಲ್ಕನೆಯದಕ್ಕೆ ಹಾರಿದಳು.

“ಗೆರೆ ತುಳಿದೆ,” ಎಂದಳು ತಂಗಿ.

“ಇಲ್ಲ ಅಜ್ಜೀ!”

“ತುಳಿದೆ. ಹಿಮ್ಮಡಿ. ಮೊದಲಿಂದ ಬಾ.”

ಹುಡುಗಿ ಗೊಣಗಿಕೊಂಡು ಮೊದಲ ಚೌಕಕ್ಕೆ ಹಿಂತಿರುಗಿ, ಬಿಲ್ಲೆಯನ್ನು ಎಸೆದು, ಒಂದು ಕಾಲನ್ನು ಮಡಿಸಿದಳು.